ಮೋರಿ ಕಂಪ್ಯೂಟರಿನಲ್ಲಿದೆ, ನೀರು ನಮ್ಮ ಅಂಗಳದಲ್ಲಿದೆ

ಹೆದ್ದಾರಿ ಅಗಲ ಮಾಡುವಾಗ ನಮ್ಮ ಮನೆ ಹಿಂದಿನ ಗದ್ದೆಯ ನೀರು ಹೋಗುವ ಮೋರಿ ಮಣ್ಣಿನಡಿ ಸೇರಿತು. ಕೇಳಲು ಹೋದರೆ ಸೈಟಿನ ಎಂಜಿನಿಯರ್ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ, "ಇಲ್ಲಿದೆಯಲ್ಲ ಸಾರ್" ಅಂದ. ಹೌದು ಮಾರಾಯ್ರೆ, ನೀಲಿ ಬಣ್ಣದಲ್ಲಿ ಚೆಂದಾಗಿತ್ತು! ಇದು ಮಾಡಬೇಕೆಂದಿದ್ದ ಮೋರಿಯೋ, ಮಾಡಿ ಮುಗಿಸಿದ ಮೋರಿಯೋ ಅಂತ ಕೇಳಿದೆ. ಅವನಿಗೂ ಗೊತ್ತಿಲ್ಲ. ಫೈಲಿನ ಹೆಸರು 'ಫೈನಲ್ 2 ಹೊಸದು'.

ಡ್ರೋನ್ ಸರ್ವೆ, ತ್ರೀಡಿ ಮಾದರಿ ಬಂದರೆ ತಪ್ಪೇ ಆಗುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಕಾಗದದ ನಕ್ಷೆಯ ತಪ್ಪು ಒಂದು ಕಪಾಟಿನಲ್ಲಿ ಕೊಳೆಯುತ್ತಿತ್ತು. ಈಗ ಅದೇ ತಪ್ಪು ಒಂದೇ ದಿನದಲ್ಲಿ ಹತ್ತು ಗುತ್ತಿಗೆದಾರರ ಕೈ ಸೇರುತ್ತದೆ, ಅದೂ ಬಣ್ಣ ಹಚ್ಚಿಕೊಂಡು. ಇನ್ನೂ ತಿದ್ದುತ್ತಿರುವ ನಕ್ಷೆ ಬೇರೆ, ಪರಿಶೀಲಿಸಿ ಒಪ್ಪಿದ್ದು ಬೇರೆ ಇರಲಿ ಅಂತ 2018ರಲ್ಲೇ ಐಎಸ್‌ಒ 19650 ಮಾನದಂಡ ಬಂತು. ಯಾರು ಓದಿದರೋ!

ಬರೀ ಮೋರಿ ವಿಷಯ ಅಲ್ಲ ಇದು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಮೂರು ವಾರಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಇವಕ್ಕೆಲ್ಲ ನಕ್ಷೆಯೇ ಕಾರಣ ಎನ್ನುತ್ತಿಲ್ಲ ನಾನು. ಆದರೆ ಕಡಿದ ಗುಡ್ಡದ ಇಳಿಜಾರು ಎಷ್ಟು, ಸೇತುವೆಯ ಕಂಬಗಳನ್ನು ಕೊನೆಗೆ ನೋಡಿದ್ದು ಯಾರು, ಯಾವಾಗ, ಇಷ್ಟನ್ನು ಹೆಸರು, ದಿನಾಂಕ ಸಮೇತ ಜನರ ಮುಂದಿಡಲು ಏನು ಕಷ್ಟ ಸ್ವಾಮಿ?

ಕಟ್ಟಿದ್ದನ್ನು ಅಳೆದು ನಕ್ಷೆ ತಿದ್ದುವ ತನಕ ಕೊನೆಯ ಬಿಲ್ಲು ಪಾಸಾಗಬಾರದು. ಹಾಗೆ ಮಾಡಿ ನೋಡಿ, ಟೇಪು ತಾನಾಗಿ ಹೊರಬರುತ್ತದೆ.

ಮಳೆಗಾಲಕ್ಕೆ ಮೊದಲು ನಾನಂತೂ ಅಳೆಯಲು ಹೋಗುತ್ತೇನೆ. ಅಕ್ಕಪಕ್ಕದವರು ಬರುವುದಿದ್ದರೆ ಹೇಳಿ.