ಕೋವಿಯ ನಳಿಗೆ ಅಳೆಯುವ ಮುನ್ನ, ಹಿಡಿಯುವ ಕೈ ನೋಡಿ

ಮುಹೈಸ್ನಾ (ದುಬೈ): ಆಗಸ್ಟ್ ತಿಂಗಳು ಮುಗಿಯುತ್ತಾ ಬಂತೆಂದರೆ ಮುಹೈಸ್ನಾದ ನಮ್ಮ ಕಟ್ಟಡಗಳಲ್ಲಿ ಎರಡು ವಿಷಯಗಳ ಚರ್ಚೆ ಜೋರಾಗುತ್ತದೆ. ಒಂದು, ಮಂಗಳೂರು, ಕಣ್ಣೂರು, ಬೆಂಗಳೂರಿನ ವಿಮಾನ ಟಿಕೆಟ್ ದರ. ಇನ್ನೊಂದು, ಕೋವಿ. ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್ ಮುಹೂರ್ತ. ಅಂದು ಆಯುಧಗಳಿಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಊರಿಗೆ ಹೋಗುವವರು ಈ ಸಲ ಹಳೆಯ ಕೋವಿ ಬದಲಿಸೋಣವೇ, ಹೊಸದು ತೆಗೆದುಕೊಂಡರೆ ನಳಿಗೆ ಎಷ್ಟು ಇಂಚು ಇರಬೇಕು ಎಂದು ಕೇಳುತ್ತಾರೆ. ಚಿಕ್ಕಮಗಳೂರು, ಸುಳ್ಯ, ಶಿರಸಿ ಕಡೆಯವರೂ ಈ ಮಾತಿಗೆ ಸೇರಿಕೊಳ್ಳುತ್ತಾರೆ. ಅವರ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಕೋವಿಗಳಿವೆ.

ಈ ಪ್ರಶ್ನೆ ಸಣ್ಣದಲ್ಲ ಎಂಬುದು ನಮ್ಮ ಅಭಿಪ್ರಾಯ. ದುಡ್ಡು ಕಳಿಸುವವರು ನಾವು, ಕೋವಿ ಹಿಡಿಯುವವರು ಊರಲ್ಲಿರುವ ಎಪ್ಪತ್ತು ದಾಟಿದ ಅಪ್ಪ ಅಥವಾ ತೋಟ ನೋಡಿಕೊಳ್ಳುವ ಅಣ್ಣ. ಆಯ್ಕೆ ಮಾತ್ರ ಇಲ್ಲಿ ಮೊಬೈಲ್ ಪರದೆಯ ಮೇಲೆ ನಡೆಯುತ್ತಿದೆ. ಸಿನಿಮಾದಲ್ಲಿ ಕಂಡ ಗಿಡ್ಡ ನಳಿಗೆಯ ಕೋವಿಯೇ ಚೆಂದ ಎಂದು ಕೆಲವರಿಗೆ ಅನ್ನಿಸಿದೆ. ನಳಿಗೆ ಉದ್ದವಿದ್ದಷ್ಟೂ ಚರೆ ದೂರ ಹೋಗುತ್ತದೆ ಎಂಬ ಅಜ್ಜನ ಕಾಲದ ನಂಬಿಕೆಯನ್ನು ಇನ್ನು ಕೆಲವರು ಬಿಟ್ಟಿಲ್ಲ. ಎರಡೂ ಪೂರ್ತಿ ಸರಿಯಲ್ಲ.

ಉದ್ದವೆಂದರೆ ದೂರವಲ್ಲ

ಅಜ್ಜನ ಮಾತಿಗೆ ಅವರ ಕಾಲದಲ್ಲಿ ಅರ್ಥವಿತ್ತು. ಕೇಪಿನ ಕೋವಿಗೆ ತುಂಬುತ್ತಿದ್ದ ಕರಿಮದ್ದು ನಿಧಾನವಾಗಿ ಉರಿಯುತ್ತಿತ್ತು. ಅದರ ಪೂರ್ತಿ ಬಲ ಚರೆಗೆ ಸಿಗಬೇಕಾದರೆ ಉದ್ದ ನಳಿಗೆ ಬೇಕಿತ್ತು. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದು ನಳಿಗೆಯ ಮೊದಲ ಭಾಗದಲ್ಲೇ ಬಹುಪಾಲು ಉರಿದು ಮುಗಿಯುತ್ತದೆ. ಆಮೇಲೆ ಹೆಚ್ಚುವ ಒಂದೊಂದು ಇಂಚಿಗೂ ಚರೆಯ ವೇಗ ಸೆಕೆಂಡಿಗೆ ಸುಮಾರು 5ರಿಂದ 10 ಅಡಿಯಷ್ಟೇ ಏರುತ್ತದೆ. ಸಾಧಾರಣ 12 ಬೋರ್ ತೋಟಾದ ವೇಗ ಸೆಕೆಂಡಿಗೆ 1200 ಅಡಿಯ ಆಸುಪಾಸು. ಅಂದರೆ 26 ಇಂಚಿನ ನಳಿಗೆಗೂ 30 ಇಂಚಿನದಕ್ಕೂ ಇರುವ ವ್ಯತ್ಯಾಸ 20ರಿಂದ 40 ಅಡಿ. ಹಾರುವ ಹಕ್ಕಿಗಾಗಲಿ, ಮಣ್ಣಿನ ಬಿಲ್ಲೆಗಾಗಲಿ ಅದು ಗೊತ್ತೇ ಆಗದು.

ಚರೆ ಎಷ್ಟು ಹರಡಬೇಕು ಎಂಬುದನ್ನು ನಿರ್ಧರಿಸುವುದು ನಳಿಗೆಯ ಉದ್ದವಲ್ಲ, ಬಾಯಿಯ ಹತ್ತಿರ ಅದು ಎಷ್ಟು ಕಿರಿದಾಗಿದೆ ಎಂಬುದು. ಇದಕ್ಕೆ ಚೋಕ್ ಎನ್ನುತ್ತಾರೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದರೆ, ಫುಲ್ ಚೋಕ್ ಇರುವ ನಳಿಗೆಯಿಂದ ಸುಮಾರು ಶೇ 70ರಷ್ಟು ಚರೆ ಅದರೊಳಗೆ ಬೀಳುತ್ತದೆ. ಚೋಕ್ ಇಲ್ಲದ ನಳಿಗೆಯಿಂದ ಶೇ 40ರಷ್ಟು. ಜೋಡು ನಳಿಗೆಯ ಹಳೆಯ ಕೋವಿಗಳಲ್ಲಿ ಎರಡು ನಳಿಗೆಗೂ ಬೇರೆ ಬೇರೆ ಚೋಕ್ ಇಡುತ್ತಿದ್ದುದು ಇದಕ್ಕೇ. ಹತ್ತಿರದ ಗುರಿಗೆ ಒಂದು, ದೂರ ಹೋದ ಗುರಿಗೆ ಇನ್ನೊಂದು.

ಹಾಗಾದರೆ ಉದ್ದದಿಂದ ಏನು ಪ್ರಯೋಜನ? ತೂಕದ ಹಂಚಿಕೆ ಮತ್ತು ತೂಗು. ಉದ್ದ ನಳಿಗೆಯ ತೂಕ ಮುಂದಿನ ಕೈಗೆ ಬೀಳುತ್ತದೆ. ಅದು ತಡವಾಗಿ ಹೊರಡುತ್ತದೆ. ಆದರೆ ಹೊರಟ ಮೇಲೆ ಗುರಿಯ ಜೊತೆ ಒಂದೇ ಸಮನೆ ಸಾಗುತ್ತದೆ. ಗಿಡ್ಡ ನಳಿಗೆ ಥಟ್ಟನೆ ಭುಜಕ್ಕೇರುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ. ಹಾರುವ ಗುರಿಯ ಹಿಂದೆ ಈಡು ಹೋಗುವುದಕ್ಕೆ ಮುಖ್ಯ ಕಾರಣ ಕೈ ನಿಲ್ಲುವುದೇ. ಇಂಗ್ಲೆಂಡಿನಲ್ಲಿ 28, 30 ಇಂಚೇ ಪದ್ಧತಿಯಾಗಿದ್ದಾಗ ರಾಬರ್ಟ್ ಚರ್ಚಿಲ್ ಎಂಬ ಕೋವಿ ತಯಾರಕ 1920ರ ದಶಕದಲ್ಲಿ 25 ಇಂಚಿನ ನಳಿಗೆಯನ್ನು ಜನಪ್ರಿಯಗೊಳಿಸಿದ. ಅದರ ಪರ ವಿರೋಧದ ವಾದ ನೂರು ವರ್ಷವಾದರೂ ಮುಗಿದಿಲ್ಲ. ಹುಲ್ಲುಗಾವಲು, ಕುರುಚಲು ಕಾಡುಗಳಲ್ಲಿ ನಡೆಯುತ್ತಾ ಹಕ್ಕಿ ಎಬ್ಬಿಸಿ ಹೊಡೆಯಲು ಬೇಟೆಗೆ ಅವಕಾಶವಿರುವ ದೇಶಗಳಲ್ಲಿ ಹೆಚ್ಚಿನವರು ಇಂದಿಗೂ 26 ಅಥವಾ 28 ಇಂಚು ಬಳಸುತ್ತಾರೆ.

ಇನ್ನೊಂದು ಲೆಕ್ಕವನ್ನು ಅಂಗಡಿಯವರು ಹೇಳದಿರಬಹುದು. ಪಂಪ್ ಆ್ಯಕ್ಷನ್ ಕೋವಿಯಲ್ಲಿ ತೋಟಾ ಓಡಾಡುವ ಪೆಟ್ಟಿಗೆಯೇ ಮೂರು ನಾಲ್ಕು ಇಂಚು ಹೆಚ್ಚು ಉದ್ದ. ಹಾಗಾಗಿ 26 ಇಂಚಿನ ಪಂಪ್ ಕೋವಿ ಒಟ್ಟು ಉದ್ದದಲ್ಲಿ 30 ಇಂಚಿನ ಜೋಡು ನಳಿಗೆಯ ಹತ್ತಿರಕ್ಕೆ ಬರುತ್ತದೆ. ನಳಿಗೆಯನ್ನಷ್ಟೇ ಅಳೆದು ಕೊಂಡರೆ ಮನೆಗೆ ಬಂದ ಮೇಲೆ ಅಪ್ಪನಿಗೆ ಅದು ಎತ್ತಲಾರದ ಒನಕೆ ಅನ್ನಿಸಬಹುದು.

ಒಂದೇ ಕಣದಲ್ಲಿ ದುಬೈ ಮತ್ತು ಭಾರತ

ನಾವಿರುವ ನಾಡಿಗೂ ನಮ್ಮ ನಾಡಿಗೂ ಈ ವಿಷಯದಲ್ಲಿ ಒಂದು ಹೆಮ್ಮೆಯ ನಂಟಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಡಬಲ್ ಟ್ರ್ಯಾಪ್ ಸ್ಪರ್ಧೆಯಲ್ಲಿ ದುಬೈನ ಶೇಖ್ ಅಹ್ಮದ್ ಬಿನ್ ಹಶರ್ ಅಲ್ ಮಕ್ತೂಮ್ 189 ಅಂಕ ಗಳಿಸಿ ಚಿನ್ನ ಗೆದ್ದರು. ಯುಎಇಗೆ ಅದು ಮೊದಲ ಒಲಿಂಪಿಕ್ ಪದಕ. 179 ಅಂಕಗಳೊಂದಿಗೆ ಬೆಳ್ಳಿ ಗೆದ್ದವರು ನಮ್ಮ ರಾಜ್ಯವರ್ಧನ್ ಸಿಂಗ್ ರಾಠೋಡ್. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಬೆಳ್ಳಿ ಅದು. ಇಬ್ಬರೂ ಹೊಡೆದದ್ದು ಮಣ್ಣಿನ ಬಿಲ್ಲೆಗಳನ್ನು, ಜೀವವಿರುವ ಹಕ್ಕಿಯನ್ನಲ್ಲ. ಟ್ರ್ಯಾಪ್‌ನಲ್ಲಿ ಬಿಲ್ಲೆ ದೂರ ಓಡುವುದರಿಂದ ಅಲ್ಲಿ 30, 32 ಇಂಚಿನ ನಳಿಗೆ ಸಾಮಾನ್ಯ. ಅಡ್ಡ ಹಾರುವ ಸ್ಕೀಟ್ ಬಿಲ್ಲೆಗೆ 28, 30 ಇಂಚು.

ನಳಿಗೆಯ ಚರ್ಚೆಯನ್ನು ಕೈಯಲ್ಲಿ ಹಿಡಿದೇ ಬಗೆಹರಿಸಿಕೊಳ್ಳಬೇಕೆನ್ನುವವರಿಗೆ ಇಲ್ಲಿ ದಾರಿಯಿದೆ. ದುಬೈನ ಜೆಬೆಲ್ ಅಲಿ, ಅಬುಧಾಬಿಯ ಅಲ್ ಫೋರ್ಸಾನ್, ಅಲ್ ಐನ್‌ನ ಕುದುರೆ ಸವಾರಿ ಮತ್ತು ಶೂಟಿಂಗ್ ಕ್ಲಬ್ಬುಗಳು ಈ ಕ್ರೀಡೆಗೆ ಹೆಸರಾದವು. ತರಬೇತುದಾರರ ಕಣ್ಣೆದುರು, ಕ್ಲಬ್ಬಿನದೇ ಕೋವಿಯಲ್ಲಿ ಒಂದು ಸುತ್ತು ಬಿಲ್ಲೆ ಹೊಡೆದು ನೋಡಿ. ಭುಜಕ್ಕೆ ಹೊಂದುವ ಹಿಡಿ ಮುಖ್ಯವೋ, ನಳಿಗೆಯ ಎರಡು ಇಂಚು ಮುಖ್ಯವೋ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಹಿಡಿ ಉದ್ದವಾದರೆ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಕೆನ್ನೆಗೆ ಪೆಟ್ಟು.

ಹಕ್ಕಿಗೆ ಈಗ ಈಡಿಲ್ಲ

ಊರಿನ ಹರಟೆಯಲ್ಲಿ ಇನ್ನೂ ಕಾಡುಕೋಳಿ, ಗೌಜಲಹಕ್ಕಿ, ಬುರ್ಲಿಗಳ ಮಾತು ಬರುತ್ತದೆ. ಆ ಕಾಲ ಮುಗಿದಿದೆ ಎಂಬುದನ್ನು ನಾವು ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಸಣ್ಣ ಬೇಟೆಗೆ ಪರವಾನಗಿ ಪಡೆಯುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಬೇಟೆಯಾಡುವ ಹಕ್ಕು ಬೇರೆ. ಮೊದಲನೆಯದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿದೆ. ಎರಡನೆಯದು ಯಾರಿಗೂ ಇಲ್ಲ. ರಜೆಗೆ ಹೋದವರು ಒಂದು ಕಾಡುಕೋಳಿಗಾಗಿ ಈಡು ಹಾರಿಸಿ ಸಿಕ್ಕಿಬಿದ್ದರೆ ಪಾಸ್‌ಪೋರ್ಟು, ವೀಸಾ, ಕೆಲಸ ಮೂರಕ್ಕೂ ಕುತ್ತು. ಜೊತೆಗೆ ಇಡೀ ಸಮುದಾಯದ ವಿನಾಯಿತಿಯ ಮೇಲೆ ಬೆರಳು ತೋರಿಸುವವರಿಗೆ ಒಂದು ನೆಪ ಸಿಗುತ್ತದೆ.

ಇಲ್ಲಿನವರನ್ನೇ ನೋಡಿ. ಡೇಗೆ ಹಿಡಿದು ಹೌಬಾರಾ ಹಕ್ಕಿಯ ಬೆನ್ನು ಹತ್ತುವುದು ಅರಬರ ಹಳೆಯ ಹವ್ಯಾಸ. ಆ ಹಕ್ಕಿ ವಿರಳವಾದಾಗ ಅವರು ಅದನ್ನು ಸಾಕಿ ಬೆಳೆಸಿ ಮರುಭೂಮಿಗೆ ಬಿಡತೊಡಗಿದರು. ಅದಕ್ಕಾಗಿಯೇ 2006ರಲ್ಲಿ ಅಬುಧಾಬಿಯಲ್ಲಿ ಅಂತರರಾಷ್ಟ್ರೀಯ ನಿಧಿಯೊಂದು ಹುಟ್ಟಿತು. 2010ರಲ್ಲಿ ಡೇಗೆಗಾರಿಕೆಗೆ ಯುನೆಸ್ಕೊ ಮಾನ್ಯತೆಯೂ ಬಂತು. ಪರಂಪರೆ ಉಳಿಯಬೇಕಾದರೆ ಅದರ ಗುರಿ ಬದಲಾಗಬೇಕು ಎಂಬ ಪಾಠ ಇದರಲ್ಲಿದೆ. ನಮ್ಮಲ್ಲೂ ಮೂಡಿಗೆರೆಯ ಕಾಡಿನಲ್ಲಿ ಕೋವಿ ಹಿಡಿದು ತಿರುಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರಲ್ಲವೇ?

ಗರಗಸ ಹಾಕಬೇಡಿ

ನಮಗೆ ಹೆಚ್ಚು ಆತಂಕ ತಂದಿರುವುದು ಇನ್ನೊಂದು ಮಾತು. ಹೊಸದೇಕೆ, ಹಳೆಯದರ ನಳಿಗೆಯನ್ನೇ ನಾಲ್ಕು ಇಂಚು ಕತ್ತರಿಸಿದರಾಯಿತು ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಚೋಕ್ ಇರುವುದು ನಳಿಗೆಯ ಬಾಯಿಯ ಕೊನೆಯ ಎರಡು ಮೂರು ಇಂಚಿನಲ್ಲಿ. ಅದನ್ನು ಕತ್ತರಿಸಿದರೆ ಕೋವಿಯ ಗುಣವೇ ಹೋಯಿತು. ಜೋಡು ನಳಿಗೆಯಲ್ಲಿ ಎರಡನ್ನೂ ಒಂದೇ ಗುರಿಗೆ ಸೇರುವಂತೆ ಸ್ವಲ್ಪ ಓರೆಯಾಗಿ ಬೆಸೆದಿರುತ್ತಾರೆ, ಆ ಹೊಂದಾಣಿಕೆಯೂ ಕೆಡುತ್ತದೆ. ಇದಕ್ಕಿಂತ ಮುಖ್ಯವಾಗಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. 20 ಇಂಚಿಗಿಂತ ಗಿಡ್ಡ ನಳಿಗೆಯ ಕೋವಿಯನ್ನು ನಿಯಮಗಳು ಸಾಧಾರಣ ಕೋವಿಗಳ ಸಾಲಿನಿಂದ ತೆಗೆದು ಬಿಗಿಯಾದ ಇನ್ನೊಂದು ವರ್ಗದಲ್ಲಿ ಇಟ್ಟಿವೆ.

ಅಜ್ಜನ ಕೋವಿಗೆ ಹೊಸ ತೋಟಾ ಹಾಕುವ ಮುನ್ನವೂ ಜಾಣರಿಗೆ ತೋರಿಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಜಾಗ ಎರಡೂವರೆ ಇಂಚಿನದು ಇರುವುದುಂಟು. ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಅದರೊಳಗೆ ಕೂತಂತೆ ಕಂಡರೂ, ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಗೆಯಾದರೆ ಅಪಾಯ ಇನ್ನೂ ಹೆಚ್ಚು. ಅಂಥದ್ದನ್ನು ಪೂಜೆಗೆ ಇಡಿ, ಈಡಿಗೆ ಬೇಡ.

ದೂರದಲ್ಲಿರುವ ಮಕ್ಕಳ ಹೊಣೆ

ಇಲ್ಲಿರುವ ನಮಗೆ ನಳಿಗೆಗಿಂತ ದೊಡ್ಡ ವಿಷಯ ಕಾಗದಪತ್ರ. ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ, ಪರವಾನಗಿ ಇರುವ ಮಾರಾಟಗಾರರಲ್ಲೋ ಒಪ್ಪಿಸಬೇಕು ಎನ್ನುತ್ತದೆ ಕಾನೂನು. ಅಂತ್ಯಕ್ರಿಯೆ ಮುಗಿಸಿ ಮೂರೇ ದಿನದಲ್ಲಿ ವಿಮಾನ ಹತ್ತುವ ಮಗನಿಗೆ ಇದು ನೆನಪಾಗುವುದಿಲ್ಲ. ಕೋವಿ ಅಟ್ಟದ ಮೇಲೆ ಉಳಿಯುತ್ತದೆ, ಒಂಟಿಯಾದ ತಾಯಿ ತನಗೆ ಗೊತ್ತಿಲ್ಲದೆಯೇ ತಪ್ಪಿತಸ್ಥೆಯಾಗುತ್ತಾಳೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ಪರಿಹಾರವಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರನ್ನು ಹೆಸರಿಸಬಹುದು. ಊರಲ್ಲೇ ಇರುವ ಅಣ್ಣನ ಹೆಸರಿಗೋ ಅಕ್ಕನ ಹೆಸರಿಗೋ ಅದು ಹೋಗಲಿ. ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ ಎಂಬ 2019ರ ತಿದ್ದುಪಡಿಯೂ ನೆನಪಿರಲಿ. ವಿನಾಯಿತಿ ಇರುವ ಕುಟುಂಬಗಳೂ ತಮ್ಮ ದಾಖಲೆಗಳನ್ನು ಮಡಿಕೇರಿಯ ಕಚೇರಿಯಲ್ಲಿ ಒಮ್ಮೆ ಸರಿನೋಡಿಕೊಳ್ಳುವುದು ಒಳ್ಳೆಯದು.

ವಾಪಸ್ ಬರುವಾಗ ಬ್ಯಾಗು, ಜಾಕೆಟ್ಟಿನ ಜೇಬು, ಮಕ್ಕಳ ಆಟದ ಡಬ್ಬಿ ಎಲ್ಲವನ್ನೂ ಕೊಡವಿ ನೋಡಿ. ತೆಂಗಿನಕಾಯಿ ಸ್ಪರ್ಧೆಯ ನೆನಪಿಗೆಂದು ಮಗು ಎತ್ತಿಕೊಂಡ ಖಾಲಿ ತೋಟಾ ಕೂಡ ವಿಮಾನ ನಿಲ್ದಾಣದಲ್ಲಿ ದೊಡ್ಡ ತಲೆನೋವಾಗಬಹುದು. ಕೊಡಗಿನ ವಿನಾಯಿತಿ ದುಬೈ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ.

ಸರ್ಕಾರಕ್ಕೂ ನಮ್ಮದೊಂದು ಕೇಳಿಕೆಯಿದೆ. ಸಾವಿರಾರು ಕೋವಿಗಳಿರುವ ಕೊಡಗು, ಮಲೆನಾಡಿನ ತಾಲ್ಲೂಕುಗಳಲ್ಲಿ ಮಣ್ಣಿನ ಬಿಲ್ಲೆ ಹೊಡೆಯುವ ಸುಸಜ್ಜಿತ ಮೈದಾನಗಳು ಬರಲಿ. ಗುರಿಗಾರಿಕೆ ರಕ್ತದಲ್ಲೇ ಇರುವ ಮಕ್ಕಳಿಗೆ ಕೈಲ್ ಮುಹೂರ್ತದ ಒಂದು ದಿನ ಸಾಲದು. ಮುಂದಿನ ರಾಠೋಡ್ ವಿರಾಜಪೇಟೆಯಿಂದಲೋ, ಸಕಲೇಶಪುರದಿಂದಲೋ ಬರಬಾರದೇಕೆ? ಅಂಥ ಮೈದಾನಕ್ಕೆ ದುಡ್ಡು ಕೂಡಿಸಲು ಗಲ್ಫ್ ಕನ್ನಡಿಗರು ಹಿಂದೆ ಬೀಳುವವರಲ್ಲ.

ಇನ್ನು ನಳಿಗೆಯ ಪ್ರಶ್ನೆಗೆ ನೇರ ಉತ್ತರ ಬೇಕೆನ್ನುವವರಿಗೆ: ಎಲ್ಲ ಬಳಕೆಗೂ ಒಂದೇ ಜೋಡು ನಳಿಗೆ ಕೋವಿ ಎಂದಾದರೆ 28 ಇಂಚು. ಹಿಡಿಯುವವರು ಕುಳ್ಳಗಿದ್ದರೆ ಅಥವಾ ವಯಸ್ಸಾಗಿದ್ದರೆ 26. ಬರೀ ಟ್ರ್ಯಾಪ್ ಎಂದಾದರೆ 30. ಅದಕ್ಕೂ ಮೊದಲು ಊರಿಗೆ ಒಂದು ಫೋನ್ ಮಾಡಿ, ಅಪ್ಪನ ಭುಜದ ನೋವು ಈಗ ಹೇಗಿದೆ ಎಂದು ಕೇಳಿ.