ಬೆನ್ನುನೋವಿಗೆ ಮೇಜಿನ ಎತ್ತರವೂ ಕಾರಣ

ರಾಜಾಜಿನಗರದ ಲೇತ್ ಶೆಡ್ಡುಗಳಲ್ಲಿ, ವಿಜಯನಗರದ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವವರು ಅನೇಕರು. ಅವರಿಗೆ ಬೆನ್ನುನೋವು ಬಂದಾಗ ‘ನೆಟ್ಟಗೆ ನಿಲ್ಲಿ’ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ತಗ್ಗಾದ ಮೇಜಿನ ಮುಂದೆ ನೆಟ್ಟಗೆ ನಿಂತು ಕೆಲಸ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಮೇಜನ್ನು ಆರಿಸುವವರು ಮಾಲೀಕರು. ಆದುದರಿಂದ ಮೊದಲ ಹೊಣೆಯೂ ಅವರದೇ.

ಇದು ಹೊಸ ವಿಚಾರವೇನಲ್ಲ. ನಿಂತು ದುಡಿಯುವ ಕಾರ್ಮಿಕರು ಬಿಡುವಾದಾಗ ಕುಳಿತುಕೊಳ್ಳಲು ಆಸನವಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೇ ಕಲಮು ವಿಧಿಸಿತ್ತು. ಅಂಗಡಿ ನೌಕರರಿಗೂ ಆಸನ ದೊರೆಯಲೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಕಾನೂನುಗಳಿಗೆ ತಿದ್ದುಪಡಿ ತಂದವು.

ಮಾಡಬೇಕಾದುದು ಅಲ್ಪವೇ. ಹಗುರ ಕೆಲಸದ ಮೇಜು ಮೊಣಕೈಗಿಂತ ಎರಡರಿಂದ ನಾಲ್ಕು ಅಂಗುಲ ಕೆಳಗಿರಲಿ. ಯಂತ್ರ ಎತ್ತರವಾದರೆ ಕಾಲಡಿಗೆ ಗಟ್ಟಿಯಾದ ಮರದ ಹಲಗೆ ಹಾಕಬಹುದು. ಭಾರದ ಸರಕು ನೆಲದ ಮೇಲಿರದೆ ಸೊಂಟದ ಎತ್ತರದಲ್ಲಿರಲಿ. ಪ್ರತಿ ಯಂತ್ರದ, ಪ್ರತಿ ಗಲ್ಲಾಪೆಟ್ಟಿಗೆಯ ಬಳಿ ಒಂದು ಸ್ಟೂಲಿರಲಿ.

ಇದಕ್ಕೆಲ್ಲ ಖರ್ಚೆಲ್ಲಿಂದ ಎನ್ನುವವರು ಒಂದಂಶವನ್ನು ಗಮನಿಸಬೇಕು. ಬೆನ್ನುನೋವಿನಿಂದ ಮಲಗಿದ ಕಾರ್ಮಿಕನಿಗೆ ಇ.ಎಸ್.ಐ. ಭತ್ಯೆ ದೊರೆಯಬಹುದು, ನಿಂತ ಯಂತ್ರಕ್ಕೆ, ಕೈತಪ್ಪಿದ ಆರ್ಡರಿಗೆ ಪರಿಹಾರ ಕೊಡುವವರಿಲ್ಲ. ಉದ್ಯಮಿ ಬಾಂಧವರು ಈ ವಾರವೇ ಅಳತೆ ಪಟ್ಟಿ ಹಿಡಿದು ತಮ್ಮ ಶೆಡ್ಡನ್ನೊಮ್ಮೆ ಸುತ್ತಿ ನೋಡುವುದು ಒಳಿತು.