ಪಾಪರ್ ಆಗೋದು ಅವಮಾನ ಅಲ್ಲ, ಆದ್ರೆ ಅದು ಮೊದಲ ಮೆಟ್ಟಿಲೂ ಅಲ್ಲ

ಹೋದ ವರ್ಷ ಒಂದು ರಾತ್ರಿ ನಮ್ಮೂರಿನ ಹುಡುಗ ಒಬ್ಬ ಮನೆಗೆ ಬಂದ. ಕೋಲಾರದ ಕಡೆಯವರು ನಾವು, ಅವನದು ಮೂರು ಎಕರೆ, ಟೊಮೆಟೊ ಬೆಳೆಗಾರ. ಕೂತವನೇ ಕೇಳಿದ: "ಅಣ್ಣಾ, ಪಾಪರ್ ಅಂತ ಕೋರ್ಟಲ್ಲಿ ಬರ್ಕೊಟ್ಟುಬಿಟ್ರೆ ಸಾಲ ಎಲ್ಲಾ ಮುಗ್ದೋಗುತ್ತಂತೆ, ನಿಜಾನಾ?"

ನನಗೆ ಎದೆ ಧಸಕ್ಕೆಂದಿತು. ಯಾಕಂದ್ರೆ ಸೊಸೈಟಿಯಲ್ಲಿ ಅವನ ಸಾಲಕ್ಕೆ ಜಾಮೀನು ಸಹಿ ಹಾಕಿದವನು ನಾನೇ.

ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಬರೆದೆವು. ಸೊಸೈಟಿ ಬೆಳೆ ಸಾಲ 2 ಲಕ್ಷ. ಟ್ರ್ಯಾಕ್ಟರ್ ಫೈನಾನ್ಸ್ 4.50 ಲಕ್ಷ. ಬಂಗಾರ ಅಡ ಇಟ್ಟಿದ್ದು 1.60 ಲಕ್ಷ. ಹೆಂಡತಿ ಹೆಸರಲ್ಲಿ ಸಂಘದ ಸಾಲ 1.20 ಲಕ್ಷ. ಬೋರ್‌ವೆಲ್ ಕೊರೆಸಲು ತಂದ ಕೈಸಾಲ 3 ಲಕ್ಷ. ಮೊಬೈಲ್ ಆ್ಯಪ್ ಸಾಲ 40 ಸಾವಿರ. ಒಟ್ಟು 12.70 ಲಕ್ಷ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಅಂದ್ರೆ ವರ್ಷಕ್ಕೆ 1,08,000 ರೂಪಾಯಿ ಬರೀ ಬಡ್ಡಿ! ಅದನ್ನು ಕಟ್ಟೋಕೆ ಸಂಘದ ಸಾಲ, ಸಂಘದ ಕಂತಿಗೆ ಆ್ಯಪ್ ಸಾಲ. ಅವನ ತಪ್ಪು ಸಾಲ ಮಾಡಿದ್ದಲ್ಲ, ಸಾಲ ತೀರಿಸೋಕೆ ಸಾಲ ಮಾಡಿದ್ದು. ನಮ್ಮಲ್ಲಿ ಎಷ್ಟೋ ಜನ ಮಾಡ್ತಿರೋದು ಇದನ್ನೇ.

ಸರಿ, ಅವನ ಪ್ರಶ್ನೆಗೆ ಬರೋಣ. ಗಡಿಯಾಚೆ ಆಂಧ್ರದವರು 'ಐಪಿ' ಅಂತಾರೆ, ನಾವು 'ಪಾಪರ್' ಅಂತೀವಿ. ಅದು ಬೈಗುಳವೇನಲ್ಲ, ಕಾನೂನಿನಲ್ಲೇ ಇರೋ ದಾರಿ. 1920ರ ಪ್ರಾಂತೀಯ ದಿವಾಳಿ ಕಾಯ್ದೆ ಇವತ್ತಿಗೂ ನಮಗೆ ಅನ್ವಯ ಆಗುತ್ತೆ. ಸಾಲ 500 ರೂಪಾಯಿ ದಾಟಿ ತೀರಿಸೋಕೆ ಆಗದಿದ್ರೆ ಕೋರ್ಟಿಗೆ ಅರ್ಜಿ ಹಾಕಬಹುದು ಅಂತ ಅದರಲ್ಲಿದೆ. ಆ 500 ರೂಪಾಯಿ ನೋಡಿದ್ರೇ ಗೊತ್ತಾಗುತ್ತೆ, ಕಾನೂನು ಎಷ್ಟು ಹಳೆಯದು ಅಂತ.

ಅರ್ಜಿ ಒಪ್ಪಿ ಕೋರ್ಟು ದಿವಾಳಿ ಅಂತ ಘೋಷಿಸಿದ್ರೆ ನಿಮ್ಮ ಆಸ್ತಿ ಕೋರ್ಟಿನ ಇಲ್ಲವೇ ರಿಸೀವರ್ ಕೈಗೆ ಹೋಗುತ್ತೆ. ಅದನ್ನು ಮಾರಿ ಸಾಲಗಾರರಿಗೆ ಹಂಚ್ತಾರೆ. ಆಮೇಲೆ ಕೋರ್ಟು ಬಿಡುಗಡೆ ಆದೇಶ ಕೊಟ್ರೆ ಉಳಿದ ಸಾಲಗಳ ಬಹುಪಾಲು ಅಲ್ಲಿಗೆ ಮುಗಿಯುತ್ತೆ. ರೈತ ವಾಸವಿರೋ ಮನೆ, ಜೀವನಕ್ಕೆ ಬೇಕಾದಷ್ಟು ಉಳುಮೆ ಸಲಕರಣೆ, ದನ, ಬಿತ್ತನೆ ಬೀಜ ಇವನ್ನು ಜಪ್ತಿ ಮಾಡೋ ಹಾಗಿಲ್ಲ. ಕೇಳೋಕೆ ಹೊಸ ಜೀವನ ಅನ್ನಿಸುತ್ತೆ ಅಲ್ವಾ? ಆದ್ರೆ ನಾಲ್ಕು ಮಾತು ಗಮನಿಸಿ.

ಒಂದು, ಜಮೀನಿಗೆ ಆ ರಕ್ಷಣೆ ಇಲ್ಲ. ಅಡಮಾನ ಇಲ್ಲದ ಜಮೀನೂ ಮಾರಾಟಕ್ಕೆ ಹೋಗಬಹುದು.

ಎರಡು, ಅಡಮಾನ ಇಟ್ಟ ಸಾಲ ದಿವಾಳಿಯಿಂದ ಕರಗಲ್ಲ. ಟ್ರ್ಯಾಕ್ಟರ್ ಫೈನಾನ್ಸ್‌ನವರು, ಬಂಗಾರ ಇಟ್ಟುಕೊಂಡವರು, ಪಹಣಿಯಲ್ಲಿ ಬೋಜಾ ಕೂರಿಸಿದ ಬ್ಯಾಂಕು, ಇವರ ಹಕ್ಕು ಹಾಗೇ ಇರುತ್ತೆ.

ಮೂರು, ನೀವು ಬಿಡುಗಡೆ ಆದ್ರೂ ಜಾಮೀನುದಾರ ಬಿಡುಗಡೆ ಆಗಲ್ಲ. ಬ್ಯಾಂಕಿನವರು ಅವನ ಮನೆ ಬಾಗಿಲಿಗೆ ಬರ್ತಾರೆ. ಊರಲ್ಲಿ ಒಬ್ಬರಿಗೊಬ್ಬರು ಸಹಿ ಹಾಕಿಕೊಂಡು ಬದುಕೋರು ನಾವು, ಇದನ್ನು ಮರೆಯೋ ಹಾಗಿಲ್ಲ.

ನಾಲ್ಕು, ಜಮೀನನ್ನು ಭಾವಮೈದುನನ ಹೆಸರಿಗೆ ಮಾಡಿ ಆಮೇಲೆ ಪಾಪರ್ ಹಾಕೋಣ ಅನ್ನೋ ಸಲಹೆ ಕೊಡೋರು ಇದ್ದಾರೆ. ಅರ್ಜಿಗೆ ಹಿಂದಿನ ಎರಡು ವರ್ಷದ ಇಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಮೋಸ ಸಾಬೀತಾದ್ರೆ ಜೈಲು ಕೂಡ ಇದೆ.

ಹಾಗಾದ್ರೆ 2016ರ ಹೊಸ ದಿವಾಳಿ ಸಂಹಿತೆ? ಅದರಲ್ಲಿ ಬಡವರಿಗಾಗಿ 'ಹೊಸ ಆರಂಭ' ಅನ್ನೋ ಅಧ್ಯಾಯವೇ ಇದೆ. ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ದಾಟಬಾರದು, ಸ್ವಂತ ಮನೆ ಇರಬಾರದು. ಇಷ್ಟಿದ್ರೆ ಸಾಲ ಮನ್ನಾ ಆಗುತ್ತೆ. ಒಂದು ಒಳ್ಳೆ ಹಸುವಿನ ಬೆಲೆಯೇ 20,000 ದಾಟುತ್ತೆ! ಆ ಅಧ್ಯಾಯ ಕೂಡ ಕಾಗದದ ಮೇಲೇ ಉಳಿದಿದೆ, ಸಾಮಾನ್ಯ ಜನರಿಗೆ ಜಾರಿ ಆಗಿಲ್ಲ. ಕಂಪನಿಗಳಿಗೆ ಮಾತ್ರ 2016ರ ಡಿಸೆಂಬರ್‌ನಿಂದಲೇ ಜಾರಿಗೆ ಬಂತು. ಅವರ ಸಾಲದಲ್ಲಿ ಬ್ಯಾಂಕುಗಳು ದೊಡ್ಡ ಪಾಲು ಬಿಟ್ಟುಕೊಟ್ರೆ ಅದು 'ಪರಿಹಾರ ಯೋಜನೆ'. ರೈತ ಕೇಳಿದ್ರೆ 'ದಿವಾಳಿ ಎದ್ದ'. ಇದು ನ್ಯಾಯಾನಾ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ತೀರಿಸೋಕೆ ಆಗದ ಸಾಲವನ್ನು ಆಗಲ್ಲ ಅಂತ ಒಪ್ಪಿಕೊಳ್ಳೋದು ಅವಮಾನ ಅಲ್ಲ. ಚುನಾವಣೆಗೊಮ್ಮೆ ಸಾಲ ಮನ್ನಾ ಕಾಯೋದಕ್ಕಿಂತ, ಜಮೀನಿನ ಒಂದು ಪಾಲನ್ನಾದ್ರೂ ಉಳಿಸಿಕೊಡೋ, ಇವತ್ತಿನ ಬೆಲೆಗೆ ತಕ್ಕ ಮಿತಿ ಇರೋ 'ಹೊಸ ಆರಂಭ'ದ ಕಾನೂನನ್ನು ಜಾರಿ ಮಾಡಿ ಅಂತ ನಾವು ಕೇಳಬೇಕು. ಆದ್ರೆ ಅದು ಬರೋವರೆಗೂ, ಜಮೀನಿರೋ ಯುವ ರೈತನಿಗೆ ಈಗಿನ ಪಾಪರ್ ಅರ್ಜಿ ಕೊನೆಯ ದಾರಿ. ಅದಕ್ಕೂ ಮುಂಚೆ ಮಾಡೋ ಕೆಲಸ ಬಹಳ ಇದೆ.

ಮೊದಲನೆಯದು, ಸಾಲ ತೀರಿಸೋಕೆ ಸಾಲ ಮಾಡೋದನ್ನು ಇವತ್ತೇ ನಿಲ್ಲಿಸಿ. ಎಲ್ಲ ಸಾಲ ಒಂದು ಹಾಳೆಯಲ್ಲಿ ಬರೆಯಿರಿ: ಅಸಲು, ಬಡ್ಡಿ, ಅಡಮಾನ ಏನಿದೆ, ಜಾಮೀನು ಯಾರು. ಮನೆಯವರಿಗೆ ತೋರಿಸಿ. ಬಚ್ಚಿಟ್ಟ ಸಾಲವೇ ಜೀವ ತಿನ್ನೋದು. ಬಡ್ಡಿ ಹೆಚ್ಚಿರೋ ಸಾಲ ಮೊದಲು ತೀರಬೇಕು.

ಎರಡನೆಯದು, ಸುಸ್ತಿ ಆಗೋ ಮುಂಚೆಯೇ ಬ್ಯಾಂಕಿಗೆ ಹೋಗಿ. ಬರ, ನೆರೆಯಿಂದ ಬೆಳೆ ಹಾಳಾದ ಪ್ರದೇಶ ಅಂತ ಘೋಷಣೆ ಆಗಿದ್ರೆ ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಿಸೋ ಅವಕಾಶ ಇದೆ. ಒಂದೇ ಬಾರಿಯ ತೀರುವಳಿಯನ್ನೂ ಕೇಳಬಹುದು, ಆದ್ರೆ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬೀಳುತ್ತೆ, ಮುಂದೆ ಸಾಲ ಸಿಗೋದು ಕಷ್ಟ. ಗೊತ್ತಿದ್ದೇ ಸಹಿ ಹಾಕಿ.

ಮೂರನೆಯದು, ಲೋಕ ಅದಾಲತ್. ಅಲ್ಲಿ ರಾಜಿ ಆದ್ರೆ ಅದು ಕೋರ್ಟಿನ ಡಿಕ್ರಿಗೆ ಸಮ. ತಾಲ್ಲೂಕು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ರೂ ವಕೀಲರು ಉಚಿತ.

ನಾಲ್ಕನೆಯದು, ಹೆದರಿಸೋರಿಗೆ ಹೆದರಬೇಡಿ. ಸಂಘದ ಕಿರುಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರೋ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನಿನಲ್ಲಿ, ಕಿರುಸಾಲ ವಸೂಲಿಗೆ ಬಲವಂತ ಮಾಡೋ ಲೇವಾದೇವಿಯವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ.

ನಮ್ಮ ಹುಡುಗ ಏನು ಮಾಡಿದ? ಫೈನಾನ್ಸ್‌ನವರ ಒಪ್ಪಿಗೆ ತಗೊಂಡು ಟ್ರ್ಯಾಕ್ಟರ್ 5.10 ಲಕ್ಷಕ್ಕೆ ಮಾರಿದ. ಅವರ ಸಾಲ ತೀರಿ ಉಳಿದ 60 ಸಾವಿರದಲ್ಲಿ ಆ್ಯಪ್ ಸಾಲ ಪೂರ್ತಿ ಕಟ್ಟಿ, ಸಂಘಕ್ಕೆ 20 ಸಾವಿರ ಕೊಟ್ಟ. ಅಡ ಇಟ್ಟ ಬಂಗಾರ ಬಿಡಿಸಿ ಮಾರಿದಾಗ 90 ಸಾವಿರ ಉಳೀತು, ಅದು ಕೈಸಾಲಕ್ಕೆ ಹೋಯ್ತು. ಊರ ಹಿರಿಯರ ಮುಂದೆ ಕೂತು, ಉಳಿದ ಅಸಲನ್ನು ಬಡ್ಡಿ ಇಲ್ಲದೆ ಬೆಳೆಗೊಂದು ಕಂತಿನಂತೆ ಕೊಡ್ತೀನಿ ಅಂತ ಬರೆಸಿಕೊಂಡ. 12.70 ಲಕ್ಷ ಇದ್ದದ್ದು 5.10 ಲಕ್ಷಕ್ಕೆ ಇಳೀತು. ಬಂಗಾರ ಮಾರಿದ ದಿನ ಅವನ ಹೆಂಡತಿ ಅತ್ತಿದ್ದು ನಿಜ. ಈಗ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್. ಆದ್ರೆ ಮೂರು ಎಕರೆ ಅವನ ಹೆಸರಲ್ಲೇ ಇದೆ, ಫೋನ್ ರಿಂಗ್ ಆದ್ರೆ ಎದೆ ನಡುಗಲ್ಲ ಅಂತಾನೆ.

ಎಲ್ಲರಿಗೂ ಇದು ಆಗುತ್ತೆ ಅಂತ ನಾನು ಹೇಳಲ್ಲ. ಮಾರೋಕೆ ಏನೂ ಇಲ್ಲದೆ, ರಾಜಿಗೂ ಯಾರೂ ಒಪ್ಪದಿದ್ರೆ ವಕೀಲರನ್ನು ಕೇಳಿ ಪಾಪರ್ ಅರ್ಜಿ ಹಾಕಿ, ನಾಚಿಕೆ ಬೇಡ. ಜಾಮೀನು ಹಾಕಿದವರಿಗೆ ಮಾತ್ರ ಮೊದಲೇ ಹೇಳಿ. ಆ ರಾತ್ರಿ ಅವನು ನನ್ನ ಹತ್ರ ಬಂದು ಕೇಳಿದ್ನಲ್ಲ, ಅದಕ್ಕೇ ನಾನಿವತ್ತೂ ಅವನ ಪರ ಇದ್ದೀನಿ.

ಸಾಲ ತೀರಿಸೋಕೆ ಹತ್ತು ವರ್ಷ ಬೇಕಾದ್ರೂ ಆಗ್ಲಿ, ತೀರಿಸೋಕೆ ನೀವು ಇರಬೇಕು. ಮನಸ್ಸು ತೀರಾ ಕುಗ್ಗಿದ್ರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು. ಇವತ್ತು ರಾತ್ರಿ ಊಟ ಆದ್ಮೇಲೆ ಆ ಒಂದು ಹಾಳೆ ತಗೊಳ್ಳಿ, ಬರೆಯೋಕೆ ಶುರು ಮಾಡಿ.